ಕೂಗಿದ ಮೇಲೆ ಬಿಡಿಸಬೇಕು

ವಾಡಿಯಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟುಕೊಂಡು ದುಡಿಯುವ ವಯಸ್ಸನ್ನೆಲ್ಲ ಕಳೆದವನು ನಾನು. ಹೆಸರು ಪ್ರಹ್ಲಾದಾಚಾರ್ಯ. ಚಿತ್ತಾಪುರದಲ್ಲಿ ನಮ್ಮದು ಗುಡಿ ಪೂಜೆಯ ಮನೆತನ. ಆ ಮನೆಯಿಂದ ಹೊರಟವನೊಬ್ಬ ಭೋಂಗಾ ಹೊತ್ತು ಮದುವೆ, ಮುಂಜಿ, ಮೆರವಣಿಗೆ ಎಂದು ಊರೂರು ತಿರುಗಿದ್ದು ಜನರಿಗೆ ತಮಾಷೆಯಾಗಿ ಕಂಡಿತು. ‘ಮೈಕಾಚಾರ್ರು’ ಎಂದು ಕರೆದರು. ಈಗ ಅಂಗಡಿ ಬಿಟ್ಟಿದ್ದೇನೆ, ಹೆಸರು ಮಾತ್ರ ನನ್ನನ್ನು ಬಿಟ್ಟಿಲ್ಲ.

ಈ ಕೆಲಸಕ್ಕೆ ಇಳಿಯುವ ಹುಡುಗರು ಆಗೀಗ ಮನೆಗೆ ಬರುತ್ತಾರೆ. ಯಾವ ಮಿಕ್ಸರ್ ಒಳ್ಳೆಯದು, ಯಾವ ಬಾಕ್ಸ್ ಕೊಳ್ಳಬೇಕು ಎಂದು ಕೇಳುತ್ತಾರೆ. ಅದನ್ನು ಹೇಳಲು ಹೈದರಾಬಾದಿನಲ್ಲಿ ಅಂಗಡಿಯವರಿದ್ದಾರೆ. ನನಗೆ ಗೊತ್ತಿರುವುದು ಬೇರೆ. ಜನ ಯಾವಾಗ ಕೇಳುತ್ತಾರೆ, ಯಾವಾಗ ಎದ್ದು ಹೋಗುತ್ತಾರೆ ಎಂಬುದಷ್ಟೆ. ಅದನ್ನು ಹೇಳಬೇಕಾದರೆ ಶಹಾಬಾದಿನ ಒಂದು ಬ್ಯಾಂಡಿನ ವಿಷಯ ಹೇಳಬೇಕು. ಕೇಳುವವರು ಮೊದಲು ನಗುತ್ತಾರೆ. ನಗಲಿ, ನಾನೂ ನಕ್ಕಿದ್ದೆ.

ನನಗೆ ಕೆಲಸ ಕಲಿಸಿದವರು ಮೆಹಬೂಬ್ ಉಸ್ತಾದರು. ಬೈಗುಳದಲ್ಲಿ ಧಾರಾಳಿ, ಹೊಗಳಿಕೆಯಲ್ಲಿ ಜಿಪುಣ. ಅವರು ಹೇಳಿಕೊಟ್ಟ ಮೊದಲ ಪಾಠ ವೈರಿನದಲ್ಲ.

“ಆಚಾರಿ, ಒಂದು ನೆನಪಿಟ್ಕೋ. ಮೈಕ್ ಸುಮ್ಮನಾತಂದ್ರ ಮಂದಿ ಕರೆಂಟ್ ಹೋತಂತ ಏಳ್ತಾರ. ಎದ್ದ ಮಂದಿ ಮತ್ತ ಕುಂದ್ರಾಂಗಿಲ್ಲ. ಸ್ಟೇಜ್ ಖಾಲಿ ಬಿಡಬ್ಯಾಡ.”

ಆದ್ದರಿಂದ ನಮ್ಮ ಮೇಜಿನ ಮೇಲೆ ಟೇಪ್ ರೆಕಾರ್ಡರಿನಲ್ಲಿ ಶಹನಾಯಿ ಕ್ಯಾಸೆಟ್ ಯಾವಾಗಲೂ ತಯಾರಿರುತ್ತಿತ್ತು. ಒಂದು ಬೆರಳು ಅದರ ಗುಂಡಿಯ ಮೇಲೆ. ಒಮ್ಮೆ ಸೇಡಂನಲ್ಲಿ ಒಬ್ಬ ಮುಖಂಡರು ಭಾಷಣದ ನಡುವೆ ಮಾತು ಮರೆತು ನಿಂತುಬಿಟ್ಟರು. ಉಸ್ತಾದರು ಶಹನಾಯಿ ಹಚ್ಚಿದರು. ಭಾಷಣ ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು, ಕಾರ್ಯಕರ್ತರು ಹಾರ ಹಾಕಿದರು, ಮುಖಂಡರು ಕುಳಿತರು. ಆಮೇಲೆ ಅವರು ಉಸ್ತಾದರ ಕೈ ಹಿಡಿದು “ಮರ್ಯಾದಿ ಉಳಿಸಿದ್ರಿ” ಎಂದದ್ದನ್ನು ನಾನೇ ಕಂಡಿದ್ದೇನೆ. ಇಂಥ ಗುರುವಿನ ಕೈಯಲ್ಲಿ ಪಳಗಿದ ಬೆರಳು ನನ್ನದು. ಸದ್ದು ನಿಂತರೆ ಸಾಕು, ನನ್ನನ್ನು ಕೇಳದೆಯೇ ಗುಂಡಿ ಒತ್ತುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಶಹಾಬಾದಿನಿಂದ ಇಮ್ತಿಯಾಜ್ ಎಂಬ ಹುಡುಗ ಅಂಗಡಿಗೆ ಬಂದ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಪಾಲಿಶ್ ಮಾಡುವ ಷೆಡ್ ಅವರ ಮನೆಯದು. ಬ್ಯಾಂಡ್ ಕಟ್ಟಿದ್ದೇವೆ, ಮೈಕ್ ಸೆಟ್ ಬೇಕು ಎಂದ. ಮದುವೆ ಬ್ಯಾಂಡ್ ಇರಬೇಕೆಂದುಕೊಂಡು ನಾಲ್ಕು ಭೋಂಗಾ, ಒಂದು ಆಂಪ್ಲಿಫೈಯರ್ ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಭೋಂಗಾ ಎಂದರೆ ತಗಡಿನ ಉದ್ದ ಬಾಯಿಯ ಸ್ಪೀಕರ್. ಹಾಲಿನ ಗಾಡಿಯಿಂದ ಜಾಹೀರಾತಿನ ಗಾಡಿಯವರೆಗೆ ಆಗ ಎಲ್ಲದಕ್ಕೂ ಅದೇ.

ಷೆಡ್ಡಿನಲ್ಲಿ ಮೂವರಿದ್ದರು. ಇಮ್ತಿಯಾಜ್ ಡ್ರಮ್ಮಿನ ಹಿಂದೆ. ಸೇಡಂನಲ್ಲಿ ಗಣಿತದ ಟ್ಯೂಷನ್ ಹೇಳುತ್ತಿದ್ದ ರಘೋತ್ತಮ ಗಿಟಾರ್ ಹಿಡಿದು ನಿಂತಿದ್ದ. ಮೇಷ್ಟರ ಮಗ, ಮೂಗಿನ ತುದಿಯಲ್ಲಿ ಕೋಪ. ಮೂರನೆಯವನು ಮಿಲಿಂದ, ಅದೇ ಷೆಡ್ಡಿನಲ್ಲಿ ಕಲ್ಲು ಪಾಲಿಶ್ ಮಾಡುವವನು, ತೆಳ್ಳಗೆ, ಮಾತು ಕಮ್ಮಿ. ಅವನು ಹಾಡುವವನಂತೆ. ಬೇಸ್ ಗಿಟಾರಿಗೆ ಒಬ್ಬ ಬರುತ್ತಾನೆ ಎಂದರು. ಆ ಒಬ್ಬ ಕೊನೆಯವರೆಗೂ ವರುಷಕ್ಕೊಬ್ಬನಾಗಿ ಬದಲಾಗುತ್ತಲೇ ಇದ್ದ, ಹಾಗಾಗಿ ಅವನ ಹೆಸರು ಹೇಳುವುದಿಲ್ಲ. ಬ್ಯಾಂಡಿನ ಹೆಸರು ‘ಸುರುಂಗ’. ಖಣಿಯಲ್ಲಿ ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಹಾರಿಸುವುದಕ್ಕೆ ನಮ್ಮ ಕಡೆ ಸುರುಂಗ ಅನ್ನುತ್ತಾರೆ.

ಶುರು ಮಾಡಿದರು. ಇಮ್ತಿಯಾಜನ ಎರಡೂ ಕಾಲು, ಎರಡೂ ಕೈ ಒಂದೇ ಸಮ ಓಡತೊಡಗಿದವು. ರಘು ತಂತಿಯ ಮೇಲೆ ಲೆಕ್ಕ ಬಿಡಿಸುವವನಂತೆ ಬೆರಳಾಡಿಸಿದ. ಮಿಲಿಂದ ಬಾಯಿ ತೆರೆದ. ಗರ್ರ್ ಎಂದು ಸದ್ದು ಬಂತು. ನಾನು ಕೂಡಲೇ ಆಂಪ್ಲಿಫೈಯರ್ ಆರಿಸಿದೆ.

“ನಿಂದರ್ರಿ, ನಿಂದರ್ರಿ. ಪರದಾ ಹರದದ,” ಎಂದೆ. ಭೋಂಗಾದೊಳಗಿನ ತೆಳು ಪರದೆ ಹರಿದರೆ ಥೇಟ್ ಇಂಥದೇ ಸದ್ದು. ಒಂದನ್ನು ಬಿಚ್ಚಿ ನೋಡಿದೆ, ಸರಿಯಿತ್ತು. ಮೈಕ್ ಬದಲಿಸಿದೆ, ವೈರ್ ಬದಲಿಸಿದೆ. ಮತ್ತೆ ಗರ್ರ್. ಎರಡನೆಯ ಭೋಂಗಾ ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿದಾಗ ಮಿಲಿಂದ ಹತ್ತಿರ ಬಂದು ಮೆಲ್ಲಗೆ ಹೇಳಿದ.

“ಆಚಾರ್ರೆ, ಭೋಂಗಾ ಛಲೋ ಅದರಿ. ಅದು ನಂದ ದನಿ.”

ಆ ಸಂಗೀತಕ್ಕೆ ಟೆಕ್ನಿಕಲ್ ಡೆತ್ ಮೆಟಲ್ ಎಂದು ಹೆಸರು ಎಂಬುದನ್ನು ರಘು ವಿವರಿಸಿದ. ಗುಲಬರ್ಗಾದಲ್ಲಿ ಓದುವಾಗ ಹಾಸ್ಟೆಲಿನ ಗೆಳೆಯನೊಬ್ಬನ ಕ್ಯಾಸೆಟ್ಟಿನಲ್ಲಿ ಕೇಳಿ ಹುಚ್ಚು ಹತ್ತಿಸಿಕೊಂಡಿದ್ದನಂತೆ. ನನಗೆ ಅರ್ಥವಾದದ್ದು ಇಷ್ಟು: ಆದಷ್ಟು ವೇಗವಾಗಿ ಬಾರಿಸಬೇಕು, ತಾಳವನ್ನು ಘಳಿಗೆಗೊಮ್ಮೆ ಮುರಿಯಬೇಕು, ಮುರಿದರೂ ಒಬ್ಬರೂ ತಪ್ಪಬಾರದು, ಹಾಡುವವನು ಹೊಟ್ಟೆಯಿಂದ ಗುರುಗುಟ್ಟಬೇಕು. ಹಾಡು ಕನ್ನಡದ್ದೇ, ಮಿಲಿಂದನೇ ಬರೆದದ್ದು, ಖಣಿಯ ಧೂಳಿನ ಮೇಲೆ. ಬರೆದವನನ್ನು ಬಿಟ್ಟು ಯಾರಿಗೂ ಒಂದು ಪದ ತಿಳಿಯುತ್ತಿರಲಿಲ್ಲ. ನಾನು ಪದ ತಿಳಿಯಲು ಹೋದವನಲ್ಲ, ಮೈಕ್ ಕೊಡಲು ಹೋದವನು. ಕೊಟ್ಟೆ.

ಆ ಷೆಡ್ಡಿನ ವಿಷಯ ಇನ್ನೊಂದು ಹೇಳಲೇಬೇಕು. ಶುಕ್ರವಾರ ಷೆಡ್ಡಿಗೆ ರಜೆ, ಆದರೆ ಪಕ್ಕದ ಖಣಿಗೆ ರಜೆ ಇಲ್ಲ. ಮಧ್ಯಾಹ್ನ ಅಲ್ಲಿ ಸುರುಂಗ ಹಾರಿಸುತ್ತಿದ್ದರು. ಹಾರಿಸುವ ಮೊದಲು ಒಬ್ಬ ದಿಬ್ಬದ ಮೇಲೆ ಕೆಂಪು ಬಾವುಟ ಹಿಡಿದು ನಿಂತು ಕೂಗುತ್ತಿದ್ದ. “ಹೋಓಓ… ಸರೀರೋಓ…” ಎಂದು ಉದ್ದಕ್ಕೆ ಎಳೆದ ಕೂಗು. ಅದು ಕಿವಿಗೆ ಬಿದ್ದ ಕೂಡಲೇ ಸುತ್ತಲಿನವರೆಲ್ಲ ಇದ್ದಲ್ಲೇ ಕುಳಿತು, ಖಣಿಗೆ ಬೆನ್ನು ಮಾಡಿ, ಕಿವಿ ಮುಚ್ಚಿಕೊಳ್ಳುತ್ತಿದ್ದರು. ತಿರುಗಿ ನೋಡುವಂತಿಲ್ಲ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನೆಲ ಒಮ್ಮೆ ಗುದ್ದುತ್ತಿತ್ತು. ಆಗಲೂ ಏಳುವಂತಿಲ್ಲ, ಯಾಕೆಂದರೆ ಹಾರಿದ ಕಲ್ಲು ಬೀಳಲು ಹೊತ್ತು ಬೇಕು, ಒಮ್ಮೊಮ್ಮೆ ಒಂದು ತೂತಿನ ಮದ್ದು ತಡವಾಗಿ ಸಿಡಿಯುತ್ತದೆ. ದಿಬ್ಬದ ಮೇಲಿನವನು ಇಳಿದು ಹೋಗಿ ನೋಡಿ ಬಂದು “ಆತ್ರೋ… ಏಳ್ರೋ…” ಎಂದು ಎರಡನೆಯ ಕೂಗು ಹಾಕಿದ ಮೇಲೆಯೇ ಏಳುವುದು. ಅದಕ್ಕೆ ಬಿಡಿಸುವ ಕೂಗು ಎನ್ನುತ್ತಿದ್ದರು. ಕೂಗಿದವನೇ ಬಿಡಿಸಬೇಕು.

ಹೀಗೆ ಕೂಗುತ್ತಿದ್ದವರು ಭೀಮಶಾ, ಮಿಲಿಂದನ ಅಪ್ಪ. ಕೂಗು ಕೇಳಿದರೆ ಇಮ್ತಿಯಾಜ್ ಹಾಡಿನ ನಡುವೆಯೇ ಕೋಲು ಕೆಳಗಿಟ್ಟು ಬೆನ್ನು ತಿರುಗಿಸಿ ಕೂರುತ್ತಿದ್ದ. ಸೇಡಂನ ರಘುವಿಗೆ ಇದು ಮೊದಮೊದಲು ಸಿಟ್ಟು ತರಿಸುತ್ತಿತ್ತು. “ಷೆಡ್ಡಿಗಿ ಕಲ್ಲು ಬರಾಂಗಿಲ್ಲಲ್ಲೋ, ಬಾರಸು,” ಎನ್ನುತ್ತಿದ್ದ. ಇಮ್ತಿಯಾಜ್ “ಅರೆ, ನಾ ಏನ್ ಮಾಡ್ಲಿ ಭಾಯಿ, ಮೈ ತಾನ ಕುಂದರ್ತದ,” ಎನ್ನುತ್ತಿದ್ದ. ಕೆಲವು ತಿಂಗಳಾದ ಮೇಲೆ ರಘುವೂ ಗಿಟಾರ್ ತಬ್ಬಿಕೊಂಡು ಕೂರತೊಡಗಿದ.

ನಾನು ಒಮ್ಮೆ ಮಿಲಿಂದನನ್ನು ಕೇಳಿದ್ದೆ, ಅಪ್ಪನ ದನಿ ಅಷ್ಟು ಚೆನ್ನಾಗಿದೆ, ನೀನೇಕೆ ಹೀಗೆ ಗುರುಗುಟ್ಟುತ್ತೀ ಎಂದು. ಅವನು ಹೇಳಿದ:

“ಸಣ್ಣಾಂವ ಇದ್ದಾಗ ಆಡ್ಕೋತ ಅಪ್ಪನಂಗ ಕೂಗಿದ್ನಿರಿ. ಇಡೀ ಖಣಿ ಕುಂತುಬಿಡ್ತು. ಹಗ್ಗ ಹಿಡದು ಇಳಿಯಾಕತ್ತಾಂವ ಒಬ್ಬಾಂವ ಕೈ ಬಿಟ್ಟು ಬಿದ್ದ. ಅಪ್ಪ ಹೊಡದ, ಭಾಳ ಹೊಡದ. ಸುಳ್ಳ ಕೂಗು ಕೂಗಿದ್ರ ಖರೇ ಕೂಗು ಯಾರೂ ಕೇಳಾಂಗಿಲ್ಲ ಅಂದ. ಅವತ್ತಿಂದ ನಾ ದನಿ ತಗದು ಕೂಗಿಲ್ರಿ.”

ಬಿದ್ದವನ ಕಾಲು ಮುರಿದಿತ್ತಂತೆ, ಜೀವ ಉಳಿಯಿತು. ಮಿಲಿಂದ ಇದನ್ನೆಲ್ಲ ಬೇರೆ ಯಾರದೋ ಸಂಗತಿ ಎಂಬಂತೆ ಹೇಳಿ ಮೈಕ್ ಒರೆಸತೊಡಗಿದ. ಅಪ್ಪ ಮಗನ ಹಾಡು ಕೇಳಲು ಒಮ್ಮೆಯೂ ಬಂದಿರಲಿಲ್ಲ.

ಸುರುಂಗ ಬ್ಯಾಂಡು ಎಲ್ಲೆಲ್ಲಿ ಬಾರಿಸಿತು ಎಂದರೆ, ಕರೆದಲ್ಲೆಲ್ಲ ಬಾರಿಸಿತು. ಕರೆಯುತ್ತಿದ್ದವರು ಕಡಿಮೆ. ಸೇಡಂನ ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಪ್ರಾಂಶುಪಾಲರು ನನ್ನ ಮೇಜಿಗೆ ಬಂದು “ಆ ಹುಡುಗಗ ಹೊಟ್ಟಿಬ್ಯಾನಿ ಏನರೆ ಅದ ಏನ್ರಿ? ಡಾಕ್ಟರ್‌ನ ಕರಸಾಮ?” ಎಂದು ಕಾಳಜಿಯಿಂದ ಕೇಳಿದರು. ಚಿತ್ತಾಪುರದಲ್ಲಿ ನಮ್ಮ ತಂದೆಯವರು ಮನೆಯ ಕಟ್ಟೆಯ ಮೇಲೆ ಕುಳಿತೇ ಕೇಳಿಸಿಕೊಂಡಿದ್ದರು. ಊಟಕ್ಕೆ ಕುಳಿತಾಗ ಹೇಳಿದ್ದು ಇಷ್ಟು: “ನರಸಿಂಹದೇವರು ಕಂಬದಾಗಿಂದ ಬಂದಾಗ ಇಂಥಾದ ದನಿ ಆಗಿರಬೇಕು. ನಿನಗ ಪ್ರಹ್ಲಾದ ಅಂತ ಹೆಸರಿಟ್ಟದ್ದು ಸಾರ್ಥಕ ಆತು.” ಅದು ಹೊಗಳಿಕೆಯೋ ಬೈಗುಳವೋ ನಾನು ಕೇಳಲಿಲ್ಲ, ಇನ್ನೊಂದು ತುತ್ತು ಅನ್ನ ಹಾಕಿಸಿಕೊಂಡೆ.

ಎರಡು ಸಾವಿರದ ಆಸುಪಾಸಿನಲ್ಲಿ ನನ್ನ ಕೆಲಸದ ರೀತಿಯೇ ಬದಲಾಯಿತು. ಭೋಂಗಾಗಳನ್ನು ಮಾಳಿಗೆಗೆ ಹಾಕಿ ಹೈದರಾಬಾದಿನಿಂದ ದೊಡ್ಡ ಬೇಸ್ ಬಾಕ್ಸುಗಳನ್ನು ತಂದೆ. ಎದೆಯೆತ್ತರದ ಕರಿ ಪೆಟ್ಟಿಗೆ, ಹೊರಲು ನಾಲ್ಕು ಜನ ಬೇಕು. ಭೋಂಗಾದಲ್ಲಿ ದನಿಯ ನಡುಭಾಗ ಮಾತ್ರ ಬರುತ್ತದೆ, ಆಳ ಬರುವುದಿಲ್ಲ. ಅಷ್ಟು ದಿನ ಸುರುಂಗದ ಹುಡುಗರು ಬಾರಿಸುತ್ತಿದ್ದದ್ದು ತಗಡಿನ ಮೇಲೆ ಕಡಲೆ ಸುರಿದಂತೆ ಕೇಳುತ್ತಿತ್ತು. ಆ ತಗಡಿನಲ್ಲಿ ಕೇಳಿಸಬೇಕಾದರೆ ಹೆಚ್ಚು ಕಡಲೆ ಸುರಿಯಬೇಕು, ಅದಕ್ಕೇ ಅವರ ವೇಗ ಏರುತ್ತ ಹೋಗಿತ್ತು ಎಂದು ನನ್ನ ಲೆಕ್ಕ. ರಘು ಇದನ್ನು ಒಪ್ಪುತ್ತಿರಲಿಲ್ಲ.

ಹೊಸ ಬಾಕ್ಸನ್ನು ಷೆಡ್ಡಿಗೆ ಒಯ್ದ ಶುಕ್ರವಾರ ರಘು ಎಂದಿನಂತೆ ದಪ್ಪ ತಂತಿಯೊಂದನ್ನು ಮೀಟಿದ. ಫರ್ಸಿಯ ನೆಲ ಝುಮ್ ಎಂದಿತು. ಅವನು ಮುಂದಿನ ಸ್ವರ ಬಾರಿಸಲಿಲ್ಲ. ಆ ಝೇಂಕಾರ ಅಡಗುವವರೆಗೂ ಕೇಳಿದ. ಮತ್ತೊಮ್ಮೆ ಮೀಟಿ ಮತ್ತೆ ಕೇಳಿದ. ಇಮ್ತಿಯಾಜ್ ಕೋಲು ಎತ್ತಿಕೊಂಡು ಕಾಯುತ್ತಲೇ ಇದ್ದ. ಸುರುಂಗದ ಹಾದಿ ತಿರುಗಿದ್ದು ಅಲ್ಲಿ. ಮುಂದಿನ ವಾರದಿಂದ ಹಾಡುಗಳು ಉದ್ದವಾಗತೊಡಗಿದವು. ಮೊದಲು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿದ್ದ ಹಾಡು ಈಗ ಊಟ ಮುಗಿದರೂ ಮುಗಿಯದು. ಅದಕ್ಕೆ ಪ್ರೋಗ್ರೆಸಿವ್ ಎನ್ನುತ್ತಾರೆ ಎಂದ ರಘು. ದೊಡ್ಡ ವಾಡೆಯ ಹಾಗೆ, ಒಂದು ಹಾಡಿನೊಳಗೆ ಹಲವು ಕೋಣೆ: ಒಂದರಲ್ಲಿ ಗದ್ದಲ, ಒಂದರಲ್ಲಿ ಮೆಲುದನಿ, ಒಂದರಲ್ಲಿ ಏಳರ ತಾಳ, ಇನ್ನೊಂದರಲ್ಲಿ ಹನ್ನೊಂದರದು.

ಇಮ್ತಿಯಾಜ್ ಗೊಣಗಿದ. “ಇಷ್ಟು ಹಗುರ ಬಾರಿಸಿದ್ರ ನನಗ ನಿದ್ದಿ ಬರ್ತದ ನೋಡು.” ಆದರೆ ಕಲಿತ. ತೊಂದರೆಯಾದದ್ದು ಮಿಲಿಂದನಿಗೆ. ಮೆಲುದನಿಯ ಕೋಣೆಗಳಲ್ಲಿ ಅವನ ಗುರುಗುಟ್ಟುವಿಕೆಗೆ ಜಾಗವಿರಲಿಲ್ಲ. ಹಾಡಿನ ಅರ್ಧ ಹೊತ್ತು ಅವನು ಬಾಕ್ಸಿನ ಮೇಲೆ ಕುಳಿತು ಕಾಯುತ್ತಿದ್ದ. ರಘು ಅವನಿಗೆ ನೇರ ದನಿಯಲ್ಲಿ ಹಾಡಲು ಹೇಳಿದ. ಮಿಲಿಂದ ಪ್ರಯತ್ನಪಟ್ಟ, ದನಿ ಒಡೆಯಿತು. ಕೆಲವು ದಿನ ಭಜನಾ ಮಂಡಳಿಗೂ ಹೋಗಿ ಬಂದ, ಅಲ್ಲಿಯೂ ಬಾಯಿ ಬಿಡಲಾಗಲಿಲ್ಲವಂತೆ.

ಒಂದು ಸಂಜೆ ವಾಡಿ ಸ್ಟೇಷನ್ನಿನ ಎದುರಿನ ಚಹಾದಂಗಡಿಯಲ್ಲಿ ಸಿಕ್ಕಿದ.

“ಆಚಾರ್ರೆ, ನನ್ ಬಲ್ಲಿ ಎರಡ ದನಿ ಅವರಿ. ಒಂದು ಹಿಂಗ ಮಾತಾಡಾದು, ಒಂದು ಗುರ್ ಅನ್ನಾದು. ನಡಕ ಏನೂ ಇಲ್ರಿ. ರಘಣ್ಣಗ ಬೇಕಾಗಿದ್ದು ನಡಕಿಂದ.”

“ಹಂಗಿದ್ರ ಏನ್ ಮಾಡ್ತಿ?”

“ಏನ್ ಮಾಡ್ಲಿರಿ. ಗುಲಬರ್ಗಾದಿಂದ ಪವನ್ ಅನ್ನಾಂವನ ಕರಸ್ಯಾನ. ಸಂಗೀತ ಕಲತಾಂವ. ಛಲೋ ಹಾಡ್ತಾನ.” ಚಹಾ ಬಸಿಯನ್ನು ತಿರುಗಿಸುತ್ತ ಕುಳಿತ. “ಆರು ದಿನ ಕಲ್ಲು ತಿಕ್ಕೋದು ಆ ಒಂದು ಶುಕ್ರವಾರದ ಸಲುವಾಗಿ ಇತ್ತರಿ. ಶುಕ್ರವಾರ ಹೋದ್ರ ಬರೇ ಕಲ್ಲ ಉಳೀತದ.”

ಚಹಾದ ದುಡ್ಡು ಕೊಟ್ಟು ಎದ್ದೆ. ಮೈಕ್ ಕೊಡುವವನು ಹಾಡುವವರ ಜಗಳಕ್ಕೆ ತಲೆ ಹಾಕಬಾರದು ಎಂಬುದು ಉಸ್ತಾದರ ಎರಡನೆಯ ಪಾಠ. ಆದರೆ ಮಿಲಿಂದನ ಮಾತು ನನಗೆ ನಾಟಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಕೆಟ್ಟದೆನಿಸಿತು.

ಪವನ್ ಬಂದ, ಹಾಡಿದ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಹಾಡಿದ. ವಿನಯವಂತ ಹುಡುಗ, ಮೈಕಿಗೆ ನಮಸ್ಕಾರ ಮಾಡಿ ಶುರು ಮಾಡುತ್ತಿದ್ದ.

ಮಿಲಿಂದನ ಖಣಿಯ ಧೂಳಿನ ಪದಗಳಿಗೇ ಹೊಸ ಹಾಡು ಒಂದು ತಯಾರಾಯಿತು. ಅದರ ಮೊದಲ ಭಾಗ ಹಳೆಯ ರೀತಿಯದು, ವೇಗ, ಮಿಲಿಂದನದು. ಅದು ಉತ್ತುಂಗಕ್ಕೆ ಏರಿದಾಗ ಎಲ್ಲವೂ ಒಮ್ಮೆಗೇ ನಿಲ್ಲಬೇಕು. ನಿಂತು, ದೀರ್ಘವಾದ ಮೌನ. ಮೌನದ ನಂತರ ನಿಧಾನದ ಭಾಗ, ಪವನನದು. ಇಡೀ ಹಾಡು ಆ ಮೌನದ ಮೇಲೆ ನಿಂತಿದೆ ಎನ್ನುತ್ತಿದ್ದ ರಘು.

ಮೊದಲ ಬಾರಿಗೆ ಅದನ್ನು ಬಾರಿಸಿದ್ದು ಚಿಂಚೋಳಿ ಕಡೆ, ಚಂದ್ರಂಪಳ್ಳಿ ಕೆರೆಯ ಹತ್ತಿರದ ಒಂದು ಯುವಕರ ಶಿಬಿರದಲ್ಲಿ. ವೇಗದ ಭಾಗ ಮುಗಿಯಿತು. ಎಲ್ಲ ನಿಂತಿತು. ನನ್ನ ಬೆರಳು ತನ್ನ ಕೆಲಸ ಮಾಡಿತು: ಎರಡು ಬೇಸ್ ಬಾಕ್ಸುಗಳಿಂದ ಶಹನಾಯಿ ಹೊರಟಿತು. ಶಿಬಿರದ ಹುಡುಗರು ಹಾಡು ಮುಗಿಯಿತೆಂದು ಊಟದ ಸಾಲಿಗೆ ಓಡಿದರು.

ರಘು ಇಳಿದು ಬಂದಾಗ ಕಿವಿ ಕೆಂಪಗಾಗಿದ್ದವು. “ಆಚಾರ್ರೆ, ಅಲ್ಲಿ ಏನೂ ಇರಬಾರದ್ರಿ.”

“ಏನೂ ಇಲ್ಲದ್ದು ಕೇಳಸಲಿಕ್ಕ ಇಷ್ಟು ದೊಡ್ಡ ಬಾಕ್ಸ್ ಯಾಕ ಹೊರಸಿದ್ಯೋ?” ಎಂದೆ. ಮಿಲಿಂದ ಮಾತ್ರ ನಕ್ಕ.

ಮುಂದೆ ನಾನು ಗುಂಡಿ ಒತ್ತದ ಕಡೆಗಳಲ್ಲಿಯೂ ಆ ಹಾಡು ಅಲ್ಲೇ ಮುರಿಯಿತು. ವಾಡಿಯ ಕಾಲೋನಿ ಕ್ಲಬ್ಬಿನಲ್ಲಿ ಮೌನ ಬಂದ ಕೂಡಲೇ ಹೆಂಗಸರು ಮಾತಿಗೆ ತೊಡಗಿದರು, ಹುಡುಗರು ಸಿಳ್ಳೆ ಹಾಕಿದರು. ಸೇಡಂನಲ್ಲಿ ಜನ ಎದ್ದೇ ಹೋದರು. ಉಸ್ತಾದರ ಮಾತು ಗೆದ್ದಿತು ಎಂದು ನಾನು ಒಳಗೊಳಗೇ ಸಂತೋಷಪಟ್ಟೆ. ರಘು ಹಟ ಬಿಡಲಿಲ್ಲ. ಮೌನ ತೆಗೆದರೆ ಎರಡು ಹಾಡು ಹೊಲಿದಂತಾಗುತ್ತದೆ, ಒಂದು ಹಾಡಾಗುವುದಿಲ್ಲ ಎನ್ನುತ್ತಿದ್ದ. ಕೊನೆಗೆ ತೀರ್ಮಾನಿಸಿದ: ವೇಗದ ಭಾಗವನ್ನೇ ಬಿಡೋಣ, ಮೊದಲಿನಿಂದ ಪವನ್ ಹಾಡಲಿ. ಶಹಾಬಾದಿನಲ್ಲಿ ಒಪ್ಪಿಕೊಂಡ ಒಂದು ಕಾರ್ಯಕ್ರಮವಿತ್ತು. ಅದೊಂದನ್ನು ಹಳೆಯ ರೀತಿಯಲ್ಲಿ ಮುಗಿಸಿ ಮಿಲಿಂದ ಬಿಡುವುದು ಎಂದಾಯಿತು. ಮಿಲಿಂದ ಆಗಲಿ ಎಂದು ತಲೆಯಾಡಿಸಿದ.

ಇಷ್ಟರಲ್ಲಿ ಖಣಿಗೆ ಸೈರನ್ ಬಂದಿತ್ತು. ಭೀಮಶಾ ಅವರ ಕೆಲಸ ನಿಂತಿತು. ನಾನು ಒಮ್ಮೆ ಸಿಕ್ಕಾಗ, ಹೇಗಿದೆ ಸೈರನ್ ಎಂದು ಕೇಳಿದೆ.

“ಜೋರ ಕೂಗ್ತದರಿ,” ಎಂದರು. “ಆದ್ರ ನೋಡಾಂಗಿಲ್ಲ. ನಾ ಕೂಗಾಕ ಮೊದಲ ನಾಕೂ ಕಡಿ ನೋಡ್ತಿದ್ದೆ. ಯಾರರೆ ಕುಂತಾರೋ ಮಕ್ಕೊಂಡಾರೋ ಅಂತ.”

ಶಹಾಬಾದಿನ ಕಾರ್ಯಕ್ರಮ ಫರ್ಸಿ ಕೆಲಸದವರು ತಾವೇ ಸೇರಿ ಮಾಡಿದ್ದು, ಖಣಿಯ ಪಕ್ಕದ ಬಯಲಿನಲ್ಲಿ, ಸಂಜೆ ಬಿಸಿಲು ಇಳಿಯುವ ಹೊತ್ತಿಗೆ. ಖಣಿಯವರು, ಷೆಡ್ಡಿನವರು, ಲಾರಿ ತುಂಬುವವರು, ಅವರ ಹೆಂಡಿರು ಮಕ್ಕಳು. ಕೆಲಸದಿಂದ ಇಳಿದ ಹಿರಿಯರಿಗೆ ಶಾಲು ಹೊದಿಸುವುದಿತ್ತು. ಅವರಲ್ಲಿ ಭೀಮಶಾ ಒಬ್ಬರು. ಶಾಲು ಹೊದ್ದು, ಕೈಯಲ್ಲಿ ತೆಂಗಿನಕಾಯಿ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತರು. ಎದ್ದು ಹೋದರೆ ಸಭೆಗೆ ಅವಮಾನವಾಗುತ್ತದೆ ಎಂದು ಮಗನ ಹಾಡಿಗೆ ಸಿಕ್ಕಿಬಿದ್ದರು.

ಸುರುಂಗ ಶುರುವಾಯಿತು. ಇಮ್ತಿಯಾಜ್ ಆ ದಿನ ಬಾರಿಸಿದಷ್ಟು ವೇಗವಾಗಿ ಹಿಂದೆಂದೂ ಬಾರಿಸಿರಲಿಲ್ಲ. ಮಿಲಿಂದ ಗುರುಗುಟ್ಟಿದ. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಮಕ್ಕಳು ಕಿಸಕ್ಕೆನ್ನುತ್ತಿದ್ದರು. ಭೀಮಶಾ ತೆಂಗಿನಕಾಯಿಯನ್ನೇ ನೋಡುತ್ತಿದ್ದರು. ವೇಗದ ಭಾಗ ಮೇಲೇರಿ, ಏರಿ, ನಿಂತಿತು. ಮೌನ. ಪವನ್ ಒಂದು ಹೆಜ್ಜೆ ಮುಂದೆ ಬಂದ. ಮಿಲಿಂದ ಇಳಿದು ಹೋಗಬೇಕಿತ್ತು. ಬಯಲಿನಲ್ಲಿ ಆಗಲೇ ಗುಸುಗುಸು ಎದ್ದಿತ್ತು, ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಏಳುತ್ತಿದ್ದರು.

ಮಿಲಿಂದ ಇಳಿಯಲಿಲ್ಲ. ಮೈಕನ್ನು ಕೆಳಗಿಟ್ಟ. ಬಯಲಿನ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಹಿಂದಿನ ಕೊನೆಯವರೆಗೆ ನೋಡಿದ. ಆಮೇಲೆ ಕೂಗಿದ.

“ಹೋಓಓ… ಸರೀರೋಓ…”

ಅದು ಅವನ ಎರಡು ದನಿಗಳಲ್ಲಿ ಯಾವುದೂ ಆಗಿರಲಿಲ್ಲ. ಅಪ್ಪನದೇ ಕೂಗು, ಆದರೆ ಹರೆಯದ್ದು. ಅಷ್ಟು ವರುಷ ಒಳಗೆ ಇಟ್ಟದ್ದು ಒಂದು ಬಿರುಕೂ ಇಲ್ಲದೆ ಬಂತು.

ಬಯಲಿಗೆ ಬಯಲೇ ಕುಳಿತಿತು. ಎದ್ದವರು ಇದ್ದಲ್ಲೇ ಕುಕ್ಕರಿಸಿದರು. ತಾಯಂದಿರು ಮಕ್ಕಳನ್ನು ಮಡಿಲಿಗೆ ಎಳೆದುಕೊಂಡರು. ಎಲ್ಲರೂ ಖಣಿಗೆ ಬೆನ್ನು ಹಾಕಿ, ತಲೆ ಬಗ್ಗಿಸಿ, ಕಿವಿ ಮುಚ್ಚಿಕೊಂಡರು. ಇಮ್ತಿಯಾಜ್ ಡ್ರಮ್ಮಿನ ಹಿಂದೆ ಬೆನ್ನು ತಿರುಗಿಸಿದ. ರಘು ಗಿಟಾರ್ ತಬ್ಬಿಕೊಂಡು ಕುಳಿತ. ನಿಂತವನು ಗುಲಬರ್ಗಾದ ಪವನ್ ಒಬ್ಬನೇ. “ಏನಾತ್ರಿ?” ಎಂದು ಸಣ್ಣ ದನಿಯಲ್ಲಿ ಸುತ್ತ ಕೇಳುತ್ತಿದ್ದ.

ಅಂಥ ಮೌನವನ್ನು ನಾನು ನನ್ನ ಕೆಲಸದಲ್ಲಿ ಕೇಳಿರಲಿಲ್ಲ. ಸಾವಿರ ಜನರ ನಡುವೆ ಶಾಮಿಯಾನದ ಬಟ್ಟೆ ಆಡುವ ಸದ್ದು ಕೇಳುತ್ತಿತ್ತು. ಬೆರಳು ಶಹನಾಯಿಯ ಗುಂಡಿಯ ಮೇಲೆ ಇತ್ತು. ಈ ಸಲ ಅದು ಒತ್ತಲಿಲ್ಲ. ನಾನೂ ಕಾಯುತ್ತಿದ್ದೆ.

ಇಮ್ತಿಯಾಜನಿಗೆ ಮುಂದಿನದು ಹೊಳೆಯಿತು. ತಿರುಗದೆಯೇ ಕಾಲು ಚಾಚಿ ದೊಡ್ಡ ಡ್ರಮ್ಮಿಗೆ ಒಂದೇ ಒಂದು ಗುದ್ದು ಕೊಟ್ಟ. ಬೇಸ್ ಬಾಕ್ಸುಗಳಿಂದ ಅದು ನೆಲಕ್ಕೆ ಇಳಿದು, ನೆಲದಿಂದ ಎಲ್ಲರ ಮೈಗೆ ಏರಿತು.

ಜನ ಏಳಲಿಲ್ಲ. ರಘು ತಲೆ ಎತ್ತಿ ಮಿಲಿಂದನನ್ನು ನೋಡಿದ. ಇಮ್ತಿಯಾಜ್ ನೋಡಿದ. ಮಿಲಿಂದ ಬಾಯಿ ತೆರೆದು ನಿಂತಿದ್ದ. ಬಿಡಿಸುವ ಕೂಗು ಅವನು ಹಾಕಬೇಕಿತ್ತು. ಚಿಕ್ಕಂದಿನಲ್ಲಿಯೂ ಅವನು ಮೊದಲನೆಯದನ್ನು ಮಾತ್ರ ಕೂಗಿದ್ದ, ಎರಡನೆಯದಕ್ಕೆ ಮೊದಲೇ ಏಟು ಬಿದ್ದಿತ್ತು. ಈಗ ಅಪ್ಪ ಎದುರಿಗೇ ಇದ್ದರು. ಎರಡನೆಯ ಕೂಗು ಬರಲಿಲ್ಲ. ಸಾವಿರ ಜನ ಕಿವಿ ಮುಚ್ಚಿಕೊಂಡು ಕುಳಿತೇ ಇದ್ದರು, ಅವರನ್ನು ಏಳಿಸುವವರು ಯಾರೂ ಇರಲಿಲ್ಲ.

ಭೀಮಶಾ ಎದ್ದರು. ತೆಂಗಿನಕಾಯಿಯನ್ನು ಕುರ್ಚಿಯ ಮೇಲಿಟ್ಟರು. ಸ್ಟೇಜಿನತ್ತ ನೋಡಲಿಲ್ಲ. ಜನರತ್ತ ತಿರುಗಿ, ನಾಲ್ಕೂ ಕಡೆ ನೋಡಿದರು. ಹೊದ್ದ ಶಾಲನ್ನು ಒಂದು ಕಡೆಗೆ ಸರಿಸಿ ಕೂಗಿದರು.

“ಆತ್ರೋಓ… ಏಳ್ರೋಓ…”

ಬಯಲು ಎದ್ದಿತು. ನಗುವುದೋ ಸಿಟ್ಟಾಗುವುದೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಸ್ಟೇಜಿನತ್ತ ತಿರುಗಿದರು. ಒಬ್ಬರೂ ಹೊರಡಲಿಲ್ಲ. ರಘು ಭೀಮಶಾ ಅವರ ಕೂಗು ನಿಂತ ಸ್ವರವನ್ನೇ ತಂತಿಯ ಮೇಲೆ ಹುಡುಕಿ ಹಿಡಿದು, ಅಲ್ಲಿಂದ ನಿಧಾನದ ಭಾಗ ಶುರು ಮಾಡಿದ. ಪವನ್ ಆ ಶ್ರುತಿಗೆ ತನ್ನ ಹಾಡನ್ನು ಹೊಂದಿಸಲು ಎರಡು ಸಲ ನೋಡಿದ, ಆಗಲಿಲ್ಲ. ಮರ್ಯಾದಸ್ಥ ಹುಡುಗ, ಮೈಕಿಗೆ ನಮಸ್ಕಾರ ಮಾಡಿ ಅದನ್ನು ಮಿಲಿಂದನ ಕೈಗೆ ಕೊಟ್ಟ. ಮಿಲಿಂದ ಕೂಗಿದ ದನಿಯಲ್ಲೇ ಹಾಡಿದ. ಖಣಿಯ ಧೂಳಿನ ಆ ಪದಗಳು ಜನರಿಗೆ ತಿಳಿದದ್ದು ಆ ದಿನ ಮೊದಲು.

ಕಾರ್ಯಕ್ರಮ ಮುಗಿದು ನಾನು ವೈರ್ ಸುತ್ತುತ್ತಿದ್ದಾಗ ಭೀಮಶಾ ಹತ್ತಿರದಲ್ಲೇ ನಿಂತಿದ್ದರು. ಮಗ ಇನ್ನೂ ಸ್ಟೇಜಿನಿಂದ ಇಳಿದಿರಲಿಲ್ಲ, ಇಳಿಯಲು ಹೆದರುತ್ತಿದ್ದ.

“ಸಿಟ್ಟ ಬಂತೇನ್ರಿ, ಭೀಮಶಾ?” ಎಂದೆ.

“ಬರ್ಲಾರ್ದ ಇರ್ತದೇನ್ರಿ? ಸುಳ್ಳ ಕೂಗು ಅದು. ಆದ್ರ ಸಿಟ್ಟ ಆಮ್ಯಾಲ ಮಾಡಾದು ಆಚಾರ್ರೆ, ಮೊದಲ ಮಂದಿನ ಎಬ್ಬಸಬೇಕು.” ಸ್ಟೇಜಿನತ್ತ ಗದ್ದ ಎತ್ತಿ ಹೇಳಿದರು. “ಕೂಗಾಕ ಮೊದಲ ನಾಕೂ ಕಡಿ ನೋಡಿದ್ನಲ್ಲರಿ. ಅದನ್ನ ನಾ ಕಲಸಿದ್ದಿಲ್ಲ.”

ಮಿಲಿಂದನನ್ನೇ ಉಳಿಸಿಕೊಂಡು ಹೊಸ ರೀತಿಯ ಸುರುಂಗ ಇನ್ನೂ ಕೆಲವು ವರುಷ ನಡೆಯಿತು. ರಘು ಹೇಳುವಂತೆ ಆ ಹಾಡು ಆಮೇಲೆ ಎಲ್ಲಿಯೂ ಮುರಿಯಲಿಲ್ಲ. ಖಣಿಯ ಕೂಗು ಗೊತ್ತಿಲ್ಲದ ಊರುಗಳಲ್ಲಿ ಜನ ಕೂರುತ್ತಿರಲಿಲ್ಲ, ಆದರೆ ಎದ್ದೂ ಹೋಗುತ್ತಿರಲಿಲ್ಲ. ಶಹನಾಯಿ ಕ್ಯಾಸೆಟ್ ಮೇಜಿನ ಮೇಲೆ ಇದ್ದೇ ಇತ್ತು, ಅದರ ಗುಂಡಿಯ ಮೇಲೆ ಬೆರಳಿರಲಿಲ್ಲ. ಟೆಂಪೋದಲ್ಲಿ ನನ್ನ ಪಕ್ಕದ ಸೀಟು ಭೀಮಶಾ ಅವರದಾಯಿತು. ಯಾರೂ ಕರೆದದ್ದಲ್ಲ. ಪ್ರತಿ ಸಲ ಹಾಡು ಆ ಜಾಗಕ್ಕೆ ಬರುವ ಮೊದಲು ಅವರು ಜನರ ಹಿಂದೆ ಹೋಗಿ ನಿಲ್ಲುತ್ತಿದ್ದರು. ಮಗ ಕೂಗುತ್ತಿದ್ದ, ಅವರು ಬಿಡಿಸುತ್ತಿದ್ದರು. ಮೈಕ್ ಕೊಡಲೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಬೇಡ, ದನಿ ಜೋರಾಗುವುದು ದೊಡ್ಡದಲ್ಲ, ನಾನು ಇಲ್ಲಿಂದ ಎಲ್ಲರನ್ನೂ ನೋಡುತ್ತಿರುತ್ತೇನಲ್ಲ ಎಂದರು.